ಕೃಷ್ಣವೇಣಿ ನಿಂತದ್ದೆಲ್ಲಿ

ಆಂಧ್ರದ ಗಡಿಯೂರು ರಾಯದುರ್ಗದ ಜೀನ್ಸ್ ಘಟಕದಲ್ಲಿ ಭುವನೇಶ್ವರಿಗೆ ಹೊಲಿಗೆಯ ಮೆಷಿನ್ ಇರಲಿಲ್ಲ, ಸ್ಟಾಪ್‌ವಾಚ್ ಇತ್ತು. ಜೇಬು ಕೂಡಿಸುವವರಿಗೆ ಎಷ್ಟು ಹೊತ್ತು ಹಿಡಿಯುತ್ತದೆ, ಜಿಪ್ ಇಡುವವರಿಗೆ ಎಷ್ಟು, ಸೊಂಟಪಟ್ಟಿ ಹಚ್ಚುವವರಿಗೆ ಎಷ್ಟು ಎಂದು ಅಳೆದು, ಸಾಲಿನಲ್ಲಿ ಬಂಡಲುಗಳು ಎಲ್ಲಿ ಗುಡ್ಡೆ ಬೀಳುತ್ತಿವೆ, ಯಾಕೆ ಬೀಳುತ್ತಿವೆ ಎಂದು ಹೇಳುವುದು ಅವಳ ಕೆಲಸ. ಬಿ.ಎಸ್ಸಿ.ಯಲ್ಲಿ ಓದಿದ್ದ ಸಂಖ್ಯಾಶಾಸ್ತ್ರ ಇಲ್ಲಿ ದಿನವೂ ಉಪಯೋಗಕ್ಕೆ ಬರುತ್ತಿತ್ತು. ಪುಸ್ತಕದಲ್ಲಿ ಇಲ್ಲದ ಒಂದು ಸಂಗತಿಯನ್ನೂ ಅವಳು ಇಲ್ಲಿಯೇ ಕಲಿತಿದ್ದಳು. ಗುಡ್ಡೆ ಬಿದ್ದ ಜಾಗದಲ್ಲಿ ಕುಳಿತವರೇ ನಿಧಾನ ಎಂದು ಅವಸರದಲ್ಲಿ ತೀರ್ಮಾನಿಸಬಾರದು. ಒಮ್ಮೊಮ್ಮೆ ದಾರವೇ ಕೆಟ್ಟಿರುತ್ತದೆ. ಒಮ್ಮೊಮ್ಮೆ ಹಿಂದಿನ ಮೆಷಿನ್ನಿನವರು ಬಟ್ಟೆಯನ್ನು ತಿರುವುಮುರುವಾಗಿ ಕಟ್ಟಿ ಕಳಿಸಿರುತ್ತಾರೆ.

ಒಂದು ಸೋಮವಾರ ಚಹಾದ ಬಿಡುವಿನಲ್ಲಿ ಸಿದ್ದರಾಮೇಶ್ ಘಟಕದ ಗೇಟಿಗೆ ಬಂದು ಅವಳನ್ನು ಹೊರಗೆ ಕರೆಸಿದರು. ಊರಿನಲ್ಲಿ ವ್ಯಾಯಾಮದ ಮೇಷ್ಟ್ರಾಗಿದ್ದವರು. ಈಗ ಒಂದು ಹಳೆಯ ಬಟ್ಟೆ ಗೋದಾಮನ್ನು ಜಿಮ್ ಮಾಡಿಕೊಂಡು ಹುಡುಗ ಹುಡುಗಿಯರನ್ನು ಸ್ಪರ್ಧೆಗಳಿಗೆ ತಯಾರು ಮಾಡುತ್ತಿದ್ದರು. ಅವರದು ಬೆಟ್ಟದ ಮೇಲಿನ ಕೋಟೆಗೆ ಬಡಿದು ವಾಪಸು ಬರುವಂಥ ದನಿ.

"ಭುವನಾ, ಬಾರವಾ ಇಲ್ಲಿ. ನಿನ್ನ ಗಡಿಯಾರಕ್ಕ ಒಂದು ಕೆಲಸ ಐತಿ."

"ಗಡಿಯಾರಕ್ಕೋ ನನಗೋ, ಸರ?"

"ಇಬ್ಬರಿಗೂ. ನಿಮ್ಮ ಕೃಷ್ಣವೇಣಿ ನಿನ್ನೆ ಬೆಂಗಳೂರಾಗ ನನ್ನ ಮಾನ ತಗದಳು ನೋಡು."

ಕೃಷ್ಣವೇಣಿ ಅದೇ ಘಟಕದಲ್ಲಿ ಸೊಂಟಪಟ್ಟಿಗೆ ಲೂಪ್ ಹಾಕುವ ಹುಡುಗಿ. ಮಡಕಶಿರದ ಆಚೆ, ಗುಡಿಬಂಡೆ ಕಡೆಯ ಕುರಿ ಸಾಕುವ ಮನೆಯವಳು. ರಾಯದುರ್ಗಕ್ಕೆ ಕೆಲಸಕ್ಕೆಂದು ಬಂದವಳು ಸಿದ್ದರಾಮೇಶರ ಕಣ್ಣಿಗೆ ಬಿದ್ದು, ಒಂದು ವರ್ಷದಿಂದ ಫಿಟ್‌ನೆಸ್ ರೇಸಿಗೆ ಅಭ್ಯಾಸ ಮಾಡುತ್ತಿದ್ದಳು. ಆ ಸ್ಪರ್ಧೆಯ ಕ್ರಮ ಸರಳ: ಒಂದು ಕಿಲೋಮೀಟರ್ ಓಡಬೇಕು, ಆಮೇಲೆ ಒಂದು ಭಾರದ ಕೆಲಸ, ಮತ್ತೆ ಓಟ, ಮತ್ತೊಂದು ಕೆಲಸ, ಹೀಗೆ ಎಂಟು ಸಲ. ತೂಕದ ಬಂಡಿ ತಳ್ಳುವುದು, ಹಗ್ಗ ಹಿಡಿದು ಎಳೆಯುವುದು, ಎರಡೂ ಕೈಗೆ ಭಾರ ಹಿಡಿದು ನಡೆಯುವುದು, ಕೊನೆಗೆ ಭಾರದ ಚೆಂಡನ್ನು ಗೋಡೆಯ ಗುರುತಿಗೆ ನೂರು ಸಲ ಎಸೆಯುವುದು. ಒಂಟಿಯಾಗಿಯೂ ಓಡಬಹುದು, ಕೆಲಸ ಹಂಚಿಕೊಂಡು ಜೋಡಿಯಾಗಿಯೂ ಓಡಬಹುದು.

"ಇಲ್ಲಿ ನೋಡಿದ್ರ ಚೆಂಡು ಕೆಳಗ ಇಡಂಗಿಲ್ಲ. ಅಲ್ಲಿ ನಾಕು ಎಸೀತಾಳ, ಇಡ್ತಾಳ, ನಾಕು ಎಸೀತಾಳ, ಇಡ್ತಾಳ" ಎಂದರು ಸಿದ್ದರಾಮೇಶ್. "ಮಂದಿ ಕಂಡರ ಹೆದರ್ತಾಳ. ಎದಿ ಇಲ್ಲ ಆಕಿಗೆ. ಮುಂದಿನ ರೇಸಿಗೆ ಹೆಸರು ಕೊಡಾಕ ಇನ್ನ ಎರಡು ವಾರ ಐತಿ. ನಮ್ಮ ಜಿಮ್ಮಿನ ದುರ್ಗಾನ ಜೋಡಿ ಹಾಕ್ತೀನಿ ಅಂದೆ. ಮಕಾ ಗಂಟು ಹಾಕ್ಕೊಂಡು ಊರಿಗೆ ಹೋಗ್ಯಾಳ. ನೀ ಎಲ್ಲಾ ಲೆಕ್ಕ ಹಾಕಿ ತೋರಿಸು, ಆಕಿ ಒಪ್ಪಲಿ."

"ಲೆಕ್ಕ ಬ್ಯಾರೆ ಏನರೆ ಹೇಳಿದ್ರ?"

"ಹೇಳಂಗಿಲ್ಲ" ಎಂದರು ಅವರು, ಚಹಾದ ಲೋಟ ಕೆಳಗಿಟ್ಟು.

ಕೃಷ್ಣವೇಣಿಗೆ ಒಂಟಿ ಓಟ ಎಂದರೆ ಏನೆಂಬುದು ಭುವನೇಶ್ವರಿಗೆ ಗೊತ್ತಿತ್ತು. ಊಟದ ಬಿಡುವಿನಲ್ಲಿ ಅವಳೇ ಹೇಳಿದ್ದಳು: "ಜೋಡಿಲಿ ಗೆದ್ರೆ ರಾಯದುರ್ಗದವ್ಳು ಎಳ್ಕೊಂಡು ಬಂದ್ಲು ಅಂತಾರೆ, ಸೋತ್ರೆ ನಾನು ಎಳ್ದು ಕೆಡವಿದೆ ಅಂತಾರೆ. ಒಬ್ಳೇ ಓಡಿದ್ರೆ ಗೆದ್ರೂ ನಂದೇ, ಸೋತ್ರೂ ನಂದೇ ಅಕ್ಕ." ಆ ಒಂಟಿ ಓಟವನ್ನು ಅವಳಿಂದ ಕಿತ್ತುಕೊಳ್ಳುವ ಲೆಕ್ಕವನ್ನು ಬರೆದುಕೊಡಬೇಕಾಗಿ ಬಂದದ್ದು ಭುವನೇಶ್ವರಿಗೆ ಹಿತವೆನಿಸಲಿಲ್ಲ. ಆದರೆ ಹಿತವೆನಿಸಲಿಲ್ಲ ಎಂಬ ಕಾರಣಕ್ಕೆ ಲೆಕ್ಕ ತಿರುಚುವವಳೂ ಅವಳಾಗಿರಲಿಲ್ಲ.

ಸ್ಪರ್ಧೆ ನಡೆಸಿದವರು ಪ್ರತಿ ಓಟಕ್ಕೂ ಪ್ರತಿ ಕೆಲಸಕ್ಕೂ ಹಿಡಿದ ಸಮಯವನ್ನು ಬೇರೆ ಬೇರೆಯಾಗಿ ಕಳಿಸಿದ್ದರು. ಭುವನೇಶ್ವರಿ ಅದರ ಪಕ್ಕದಲ್ಲಿ ಕಳೆದ ತಿಂಗಳ ಅಭ್ಯಾಸದ ಸಮಯಗಳನ್ನಿಟ್ಟು ನೋಡಿದಳು. ಒಟ್ಟು ಹಿಡಿದದ್ದು ಒಂದು ಗಂಟೆ ಮೂವತ್ತಾರು ನಿಮಿಷ. ಸಿದ್ದರಾಮೇಶ್ ನಿರೀಕ್ಷಿಸಿದ್ದು ಒಂದೂವರೆ ಗಂಟೆ. ಆ ಆರು ನಿಮಿಷ ಎಲ್ಲಿ ಸೋರಿತು ಎಂಬುದೇ ಪ್ರಶ್ನೆ. ಬಂಡಿ ತಳ್ಳುವಲ್ಲಿ ಸೋರಿರಲಿಲ್ಲ, ಹಗ್ಗದಲ್ಲಿ ಸೋರಿರಲಿಲ್ಲ. ಓಟಗಳಲ್ಲಿ ಸ್ವಲ್ಪ ಹೋಗಿತ್ತು. ಉಳಿದದ್ದೆಲ್ಲ ಎರಡೇ ಜಾಗಗಳಲ್ಲಿ: ಭಾರ ಹೊತ್ತು ನಡೆಯುವಲ್ಲಿ ಮತ್ತು ಚೆಂಡು ಎಸೆಯುವಲ್ಲಿ. ವಿಚಿತ್ರವೆಂದರೆ ಅಭ್ಯಾಸದಲ್ಲಿ ಇವೆರಡೇ ಅವಳ ಅತಿ ಗಟ್ಟಿ ಕೆಲಸಗಳು.

ಈ ಎರಡಕ್ಕೆ ಮಾತ್ರ ಸಮಾನವಾದದ್ದೇನು? ಮೈದಾನದ ನಕ್ಷೆ ತೆಗೆದು ನೋಡಿದರೆ ಉತ್ತರ ಸಿಕ್ಕಿತು. ಎರಡೂ ಪ್ರೇಕ್ಷಕರ ಕಟಕಟೆಗೆ ಅಂಟಿಕೊಂಡಂತಿದ್ದವು. ಹಾಗಾದರೆ ಸಿದ್ದರಾಮೇಶ್ ಹೇಳಿದ್ದೇ ನಿಜ. ಜನ ಹತ್ತಿರವಾದಾಗ ಹುಡುಗಿ ಅಧೈರ್ಯಗೊಳ್ಳುತ್ತಾಳೆ. ಭುವನೇಶ್ವರಿ ಬೇಸರದಿಂದಲೇ ಹಾಗೆಂದು ಬರೆಯಲು ಕುಳಿತಳು. ಬರೆಯುವ ಮುನ್ನ ದುರ್ಗಾ ಕಟಕಟೆಯ ಬಳಿ ನಿಂತು ಹಿಡಿದ ವಿಡಿಯೋವನ್ನು ಒಮ್ಮೆ ನೋಡಿಬಿಡೋಣ ಎಂದುಕೊಂಡಳು.

ವಿಡಿಯೋದಲ್ಲಿ ಧ್ವನಿವರ್ಧಕದ ಸಂಗೀತ ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ. ಅವಳು ಸದ್ದು ಕಡಿಮೆ ಮಾಡಿ ಬರೀ ಕಣ್ಣಿನಿಂದ ನೋಡಿದಳು. ಕೃಷ್ಣವೇಣಿ ಚೆಂಡು ಎಸೆಯುತ್ತಿದ್ದಾಳೆ. ತೋಳು ನಡುಗುತ್ತಿಲ್ಲ, ಮೊಣಕಾಲು ಕುಸಿದಿಲ್ಲ. ಇದ್ದಕ್ಕಿದ್ದಂತೆ ಚೆಂಡನ್ನು ಅಚ್ಚುಕಟ್ಟಾಗಿ ನೆಲಕ್ಕಿಟ್ಟಳು. ಒಂದು ದೀರ್ಘ ಉಸಿರು ತೆಗೆದುಕೊಂಡಳು. ಆಮೇಲೆ ಕಟಕಟೆಯತ್ತ ತಿರುಗಿ, ಆಗಲಿ ಎಂಬಂತೆ ತಲೆಯಾಡಿಸಿದಳು. ಮುಂದಿನ ಸಲ ಇಟ್ಟಾಗಲೂ ಹಾಗೆಯೇ. ಅದರ ಮುಂದಿನ ಸಲವೂ.

ಹೆದರಿದವರು ಓಡಿಹೋಗಬಹುದು, ಅಳಬಹುದು, ಕೂತುಬಿಡಬಹುದು. ತಲೆಯಾಡಿಸುವುದೇಕೆ? ಅದೂ ಯಾರಿಗೆ?

ಇಂಥ ಪ್ರಶ್ನೆಗೆ ಕೋಷ್ಟಕದಲ್ಲಿ ಉತ್ತರವಿರುವುದಿಲ್ಲ. ಮೆಷಿನ್ನಿನ ಬಳಿ ಹೋಗಿ ಕೇಳಬೇಕು. ಕೃಷ್ಣವೇಣಿ ಫೋನ್ ಎತ್ತುತ್ತಿರಲಿಲ್ಲ. ವಾರದ ರಜೆಯ ದಿನ ಭುವನೇಶ್ವರಿ ಬಸ್ಸು ಹತ್ತಿ, ಕಲ್ಯಾಣದುರ್ಗದಲ್ಲಿ ಬದಲಿಸಿ, ಮಡಕಶಿರ ತಲುಪಿ, ಅಲ್ಲಿಂದ ಷೇರ್ ಆಟೋದಲ್ಲಿ ಮೊಣಕಾಲು ಮಡಿಚಿ ಕುಳಿತು ಆ ಹಳ್ಳಿಗೆ ಹೋದಳು.

ಮನೆಯ ಪಕ್ಕದ ಕುರಿರೊಪ್ಪದಲ್ಲಿ ಉಣ್ಣೆ ಕತ್ತರಿಸುವ ಕೆಲಸ ಆಗಷ್ಟೇ ಮುಗಿದಿತ್ತು. ಬೋಳು ಮೈಯ ಕುರಿಗಳು ಒಂದನ್ನೊಂದು ಗುರುತಿಸಲಾರದೆ ಅರಚುತ್ತಿದ್ದವು. ಕೃಷ್ಣವೇಣಿಯ ತಾಯಿ ನಾಗಕ್ಕ ಕತ್ತರಿ ಒರೆಸುತ್ತ ಕುಳಿತಿದ್ದಳು. ಹಿಂದೂಪುರದ ಕಡೆಯ ತೆಲುಗು ಮನೆಯ ಹೆಣ್ಣು. ಮದುವೆಯಾಗಿ ಬಂದು ಇಪ್ಪತ್ತೈದು ವರ್ಷವಾದರೂ ಅವಳ ಕನ್ನಡದ ನಡುನಡುವೆ ತೆಲುಗು ತಾನಾಗಿ ಬರುತ್ತಿತ್ತು.

"ಯಾರಮ್ಮ ನೀನು? ಓ, ಗಡಿಯಾರದಕ್ಕನಾ! ನಮ್ ಹುಡ್ಗಿ ಹೇಳ್ತಾ ಇರ್ತಾಳೆ, ಎಂಜಲು ನುಂಗಿದ್ರೂ ಟೈಮ್ ಹಾಕ್ತಾಳೆ ಅಂತ."

"ಅಮ್ಮಾ!" ಎಂದು ಬೋರ್‌ವೆಲ್ಲಿನ ಕಡೆಯಿಂದ ಕೂಗು ಬಂತು.

ಕೃಷ್ಣವೇಣಿ ಎರಡೂ ಕೈಗೆ ಒಂದೊಂದು ತುಂಬಿದ ಕೊಡ ಹಿಡಿದು ಬರುತ್ತಿದ್ದಳು. ಭುವನೇಶ್ವರಿಯನ್ನು ನೋಡಿ ನಡಿಗೆ ನಿಧಾನಿಸಲಿಲ್ಲ.

"ಸಾರ್ ಕಳಿಸಿದ್ರಾ? ಜೋಡಿಗೆ ಒಪ್ಸು ಅಂತ?"

"ಕಳಿಸ್ಯಾರ. ಆದ್ರ ನಾ ಒಪ್ಪಿಸಾಕ ಬಂದಿಲ್ಲ, ಒಂದು ಮಾತು ಕೇಳಾಕ ಬಂದೀನಿ."

"ಕೇಳಕ್ಕ, ಹೆದ್ರಿಕೊಂಡ್ಯಾ ಅಂತ ತಾನೆ? ಹೆದ್ರಿಲ್ಲ. ಇನ್ನೇನು?" ಎನ್ನುತ್ತ ಅವಳು ಕುರಿಗಳ ತೊಟ್ಟಿಗೆ ನೀರು ಸುರಿಯತೊಡಗಿದಳು. ನೀರು ಅಂಚಿಗೆ ಬಂತು.

"ಚಾಲು, ಚಾಲು! ತುಳುಕ್ತದೆ" ಎಂದಳು ನಾಗಕ್ಕ.

ಕೃಷ್ಣವೇಣಿಯ ಕೈ ಥಟ್ಟನೆ ನಿಂತಿತು. ಕೊಡವನ್ನು ಅಚ್ಚುಕಟ್ಟಾಗಿ ನೆಲಕ್ಕಿಟ್ಟಳು. ಒಂದು ದೀರ್ಘ ಉಸಿರು ತೆಗೆದುಕೊಂಡು, ತಾಯಿಯತ್ತ ತಿರುಗಿ ತಲೆಯಾಡಿಸಿದಳು.

ಭುವನೇಶ್ವರಿ ತೊಟ್ಟಿಯ ಬಳಿಗೆ ಬಂದಳು. "ಕೃಷ್ಣವೇಣಿ, ಈಗ ಯಾಕ ನಿಂತಿ?"

"ಅಮ್ಮ ಚಾಲು ಅಂದ್ಲಲ್ಲ."

"ಬೆಂಗಳೂರಾಗ ಯಾಕ ನಿಂತಿ?"

"ಸಾರ್ ಚಾಲು ಅಂದ್ರಲ್ಲ" ಎಂದಳು ಕೃಷ್ಣವೇಣಿ, ಇದೂ ಒಂದು ಪ್ರಶ್ನೆಯೇ ಎಂಬಂತೆ. "ಕಂಬಿ ಹಿಡ್ಕೊಂಡು ಕೂಗ್ತಾನೇ ಇದ್ರು. ಚಾಲು ಅಂದ್ರು, ಇಳಿಸ್ದೆ. ಉಸಿರು ತಗೊಂಡು ಮತ್ತೆ ಎತ್ತಿದ್ರೆ ಮತ್ತೆ ಚಾಲು ಅಂದ್ರು. ನಂಗಿನ್ನೂ ಆಗ್ತಿತ್ತಕ್ಕ. ಆದ್ರೆ ಅವ್ರು ದೊಡ್ಡವ್ರು, ಏನೋ ಲೆಕ್ಕ ಇಟ್ಕೊಂಡು ಹೇಳ್ತಾವ್ರೆ, ಮೀರ್ಬಾರ್ದು ಅಂತ ನಿಂತೆ. ಕೊನೆಗೆ ಅವರೇ ಬೈದ್ರು."

ಭುವನೇಶ್ವರಿ ತೊಟ್ಟಿಯ ಕಲ್ಲಿನ ಮೇಲೆ ಕುಳಿತುಬಿಟ್ಟಳು. ತೆಲುಗಿನಲ್ಲಿ ಚಾಲು ಎಂದರೆ ಸಾಕು. ರಾಯದುರ್ಗದ ಕನ್ನಡದಲ್ಲಿ ಚಾಲೂ ಎಂದರೆ ನಡೆಯಲಿ, ನಿಲ್ಲಿಸಬೇಡ. ಎರಡೂ ಭಾಷೆ ಎಲ್ಲರಿಗೂ ಬರುವ ಊರುಗಳಲ್ಲಿ ಒಂದೇ ಸದ್ದು ಒಬ್ಬರ ಬಾಯಿಂದ ಒಂದು ಅರ್ಥವಾಗಿ ಹೊರಟು, ಇನ್ನೊಬ್ಬರ ಕಿವಿಗೆ ಅದರ ವಿರುದ್ಧವಾಗಿ ತಲುಪಿತ್ತು. ಅವಳಿಗೆ ಮೊದಲು ನಗು ಬಂತು. ಎಷ್ಟು ಬಂತೆಂದರೆ ನಾಗಕ್ಕ ಗಾಬರಿಯಾಗಿ ನೀರು ತಂದುಕೊಟ್ಟಳು.

"ಅವರು ಚಾಲೂ ಅಂದಾರ ಹುಚ್ಚಿ! ನಡಸು, ಕೈ ಬಿಡಬ್ಯಾಡ ಅಂತ. ನಮ್ಮ ಘಟಕದಾಗ ದಿನಾ ಅಂತೀವಲ್ಲ, ಮೆಷಿನ್ ಚಾಲೂ ಮಾಡ್ರಿ ಅಂತ?"

"ಮೆಷಿನ್ ಚಾಲೂ ಆಗುತ್ತೆ, ಗಿರಣಿ ಚಾಲೂ ಆಗುತ್ತೆ. ಮನುಷ್ಯರು ಚಾಲೂ ಆಗ್ತಾರಾ?" ಕೃಷ್ಣವೇಣಿಯ ಕಣ್ಣುಗಳು ದೊಡ್ಡವಾಗಿದ್ದವು. "ನಮ್ ಕಡೆ ಹೆಣ್ಮಕ್ಳನ್ನ ಚಾಲೂ ಅಂದ್ರೆ ಕಪಾಳಕ್ಕೆ ಬೀಳುತ್ತೆ!"

"ಮತ್ತ ಅಭ್ಯಾಸದಾಗ ಯಾಕ ಗೊತ್ತಾಗಲಿಲ್ಲ?"

"ಅಲ್ಲಿ ಸೀಟಿ ಊದ್ತಾರೆ. ಬೆಂಗಳೂರಲ್ಲಿ ಸೀಟಿ ಊದ್ಬಾರ್ದು ಅಂತ ಬಾಗ್ಲಲ್ಲೇ ಕಸ್ಕೊಂಡ್ರಂತೆ."

ಎಲ್ಲವೂ ಕೂಡಿಬಂತು. ಕೃಷ್ಣವೇಣಿಗೂ ನಗು ಬಂತು, ಆಮೇಲೆ ಇದ್ದಕ್ಕಿದ್ದಂತೆ ನಗು ನಿಲ್ಲಿಸಿ ಭುವನೇಶ್ವರಿಯ ಎದುರಿಗೆ ಬಂದಳು. "ಹಂಗಾದ್ರೆ ನಂದೇನೂ ತಪ್ಪಿಲ್ಲ. ಹೇಳಕ್ಕ ಸಾರ್‌ಗೆ. ಒಂಟಿಗೇ ಬರೀಲಿ."

ಇಲ್ಲಿಗೆ ನಿಲ್ಲಿಸಿದ್ದರೆ ಸುಲಭವಾಗುತ್ತಿತ್ತು. ಭುವನೇಶ್ವರಿ ನಿಲ್ಲಿಸಲಿಲ್ಲ. "ನಿಂತದ್ದರಾಗ ಹೋಗಿದ್ದು ನಾಕು ನಿಮಿಷ. ಕಳದದ್ದು ಆರು. ಉಳಿದ ಎರಡು ನಿಂದ."

"ಎಲ್ಲಿ?"

"ಓಟದಾಗ. ಮೊದಲನೇ ಕಿಲೋಮೀಟರ್ ಬೆನ್ನಿಗೆ ಬೆಂಕಿ ಬಿದ್ದಂಗ ಓಡಿದಿ. ಬಂಡಿ ತಳ್ಳಿದ ಮ್ಯಾಲ ಒಂದೊಂದು ಓಟಾನೂ ಹಿಂದಿನದಕ್ಕಿಂತ ನಿಧಾನ. ಮಾತಿನ ತಪ್ಪು ತಗದರೂ ಒಂದೂವರೆ ತಾಸಿನೊಳಗ ಬರೂದಿಲ್ಲ ನೀನು."

ಕೃಷ್ಣವೇಣಿ ಕೊಡಗಳನ್ನು ಎತ್ತಿಕೊಂಡು, "ನಾಳೆ ಬೆಳಿಗ್ಗೆ ಬಸ್ಸಿಗೇ ಬರ್ತೀನಿ" ಎಂದಳು.

ಸಿದ್ದರಾಮೇಶ್ ಜಿಮ್ಮಿನ ಬೆಂಚಿನ ಮೇಲೆ ಕುಳಿತು ಇದನ್ನೆಲ್ಲ ಕೇಳಿದರು. ಕೇಳಿ ಮುಗಿದ ಮೇಲೆ ಬೋಳು ತಲೆಯನ್ನು ಎರಡು ಸಲ ಉಜ್ಜಿಕೊಂಡರು.

"ಅಂದ್ರ ನಾ ಒದರಿದಷ್ಟೂ ಆಕಿ ನಿಂತಾಳ."

"ಹೌದ್ರಿ."

"ನನ್ನ ಹೆಂಡತಿ ತೆಲುಗರಾಕಿ. ಮನ್ಯಾಗ ದಿನಾ ನನಗ ಚಾಲು ಚಾಲು ಅಂತಾಳ. ನಾ ಒಂದು ದಿನಾನೂ ನಿಂತಿಲ್ಲ."

ದುರ್ಗಾ ಬಾಯಿಗೆ ಕೈ ಅಡ್ಡ ಹಿಡಿದಳು. ಆದರೆ ಸಿದ್ದರಾಮೇಶ್ ನಗಲಿಲ್ಲ. ಕೃಷ್ಣವೇಣಿಯ ಕಡೆ ನೋಡಿ ಹೇಳಿದರು: "ತಪ್ಪು ನಂದು, ತಂಗಿ. ಬೈದದ್ದು ವಾಪಸ್ ತಗೊಂಡೆ. ಆದ್ರ ಜೋಡಿಯೋ ಒಂಟಿಯೋ ಅಂಬೋದು ಬ್ಯಾರೆ ಮಾತು. ಹೆಸರು ಕೊಡೋ ಕಡೀ ದಿನ ಭಾನುವಾರ. ಅವತ್ತು ಬೆಳಿಗ್ಗೆ ಇಲ್ಲೇ ಪೂರಾ ರೇಸ್ ಓಡು. ಒಂದೂವರೆ ತಾಸಿನೊಳಗ ಬಂದಿ, ಒಂಟಿ. ಬರಲಿಲ್ಲ, ದುರ್ಗಾನ ಜೋಡಿ. ಅಳಬಾರದು, ಊರಿಗೆ ಓಡಬಾರದು."

"ಆಗ್ಲಿ ಸಾರ್."

ಅಂದಿನಿಂದ ಭುವನೇಶ್ವರಿ ಅಭ್ಯಾಸದ ಕ್ರಮವನ್ನೇ ಬದಲಿಸಿದಳು. ಕಾಲಿಗೆ ಇನ್ನಷ್ಟು ಬಲ ಬೇಕೆಂದು ಸಿದ್ದರಾಮೇಶ್ ಹಾಕಿದ್ದ ಹೆಚ್ಚುವರಿ ತೂಕಗಳನ್ನು ತೆಗೆಸಿದಳು. ಬಲದ ಕೊರತೆ ಲೆಕ್ಕದಲ್ಲಿ ಎಲ್ಲೂ ಕಂಡಿರಲಿಲ್ಲ. ಬದಲಿಗೆ ಬಂಡಿ ತಳ್ಳಿದ ಕೂಡಲೇ ಓಡಿಸಿದಳು, ಹಗ್ಗ ಎಳೆದ ಕೂಡಲೇ ಓಡಿಸಿದಳು. ಮೊದಲ ಎರಡು ಓಟಗಳಿಗೆ ಮಾತ್ರ ಕಟ್ಟುನಿಟ್ಟಾದ ಮಿತಿ ಹಾಕಿ, ಅದಕ್ಕಿಂತ ಬೇಗ ಬಂದರೆ ವಾಪಸು ಕಳಿಸಿ ಮತ್ತೆ ಓಡಿಸುತ್ತಿದ್ದಳು. ಕೃಷ್ಣವೇಣಿಗೆ ಇದೇ ಎಲ್ಲಕ್ಕಿಂತ ಕಷ್ಟವಾಯಿತು.

"ಬೇಗ ಬಂದ್ರೂ ಬೈತೀಯಲ್ಲಕ್ಕ! ಎಲ್ಲಿ ಕಂಡಿದ್ಯಾ ಇಂಥ ಓಟ?"

"ಜೇಬಿನವರು ಜೋರು ಮಾಡಿದ್ರ ಜಿಪ್ಪಿನವರ ಮುಂದ ಗುಡ್ಡಿ ಬೀಳ್ತೈತಿ. ತಿರಗು. ಮತ್ತ ಓಡು."

ಓಡುತ್ತಿದ್ದಳು. ಘಟಕದ ಸೈರನ್ನಿಗೆ ಮೊದಲು ಒಮ್ಮೆ, ಸಂಜೆ ಕೆಲಸ ಬಿಟ್ಟ ಮೇಲೆ ಒಮ್ಮೆ. ಒಂದು ದಿನ ಅಂಗೈಯ ಚರ್ಮ ಕಿತ್ತುಬಂದಾಗ ಜೀನ್ಸ್ ಬಟ್ಟೆಯ ಚೂರು ಸುತ್ತಿಕೊಂಡು ಹಗ್ಗ ಎಳೆದಳು.

ಭಾನುವಾರ ಬೆಳಿಗ್ಗೆ ಬೆಟ್ಟದ ಬುಡದ ರಸ್ತೆಯಲ್ಲಿ ಓಟ, ಜಿಮ್ಮಿನ ಅಂಗಳದಲ್ಲಿ ಕೆಲಸ ಎಂದು ಏರ್ಪಾಡಾಯಿತು. ಸಿದ್ದರಾಮೇಶ್ ಒಂದು ಅಕ್ಷರವನ್ನೂ ಕೂಗಕೂಡದು ಎಂಬುದು ಭುವನೇಶ್ವರಿಯ ಷರತ್ತು. ಅವರು ಟವೆಲ್ಲಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನಿಂತರು. ಜೊತೆಗೆ ಓಡಿದ ದುರ್ಗಾ ಮೊದಲ ಓಟದಲ್ಲಿ ಮುಂದೆ ಹೋಗಿ, ತಿರುಗಿ ನೋಡಿ, "ಏನ ಕೃಷ್ಣವೇಣಿ, ಕುರಿ ಕಾಯಾಕ ಹೊಂಟೀಯೇನು?" ಎಂದು ಕೆಣಕಿದಳು. ಕೃಷ್ಣವೇಣಿ ತನ್ನ ಮಿತಿ ಮೀರಲಿಲ್ಲ.

ಐದನೇ ಓಟದಲ್ಲಿ ಅವಳು ದುರ್ಗಾಳನ್ನು ಹಿಂದೆ ಹಾಕಿದಳು. ಆರನೆಯದರಲ್ಲಿ, ಏಳನೆಯದರಲ್ಲಿ ವೇಗ ಕುಸಿಯಲಿಲ್ಲ. ಭಾರದ ತೂಕಗಳನ್ನು ಒಮ್ಮೆಯೂ ಇಳಿಸದೆ ಅಂಗಳ ಸುತ್ತಿದಳು. ಚೆಂಡಿನ ಬಳಿ ಬಂದಾಗ ಅವಳ ಮುಖದಲ್ಲಿ ರಕ್ತವೆಲ್ಲ ಸೇರಿತ್ತು. ಕಣ್ಣು ಮಾತ್ರ ಗೋಡೆಯ ಗುರುತನ್ನು ಬಿಡಲಿಲ್ಲ. ಎತ್ತಿದಳು, ಎಸೆದಳು, ಹಿಡಿದಳು. ಎತ್ತಿದಳು, ಎಸೆದಳು, ಹಿಡಿದಳು. ಟವೆಲ್ಲಿನೊಳಗಿಂದ ಸಿದ್ದರಾಮೇಶರ ಗಂಟಲು ಏನೇನೋ ಗೊರಗುಟ್ಟಿತು. ಕೊನೆಯ ಚೆಂಡು ಗುರುತಿಗೆ ಬಡಿದಾಗ ಭುವನೇಶ್ವರಿ ಗುಂಡಿ ಒತ್ತಿದಳು.

ಒಂದೂವರೆ ಗಂಟೆಯ ಮೇಲೆ ಹನ್ನೊಂದು ಸೆಕೆಂಡು.

ಗಡಿಯಾರ ಅವಳ ಅಂಗೈಯಲ್ಲಿತ್ತು. ಬೇರೆ ಯಾರೂ ನೋಡಿರಲಿಲ್ಲ. ಹನ್ನೊಂದು ಸೆಕೆಂಡು ಎಂದರೆ ಗುಂಡಿ ಒತ್ತುವುದರಲ್ಲಿ ಆಗಬಹುದಾದ ತಪ್ಪು ಎಂದು ಹೇಳಿದರೂ ನಂಬುವವರಿದ್ದರು. ಆದರೆ ಬೆಂಗಳೂರಿನಲ್ಲಿ ಗುಂಡಿ ಒತ್ತುವವರು ಬೇರೆಯವರು. ಅವಳು ಇದ್ದದ್ದನ್ನು ಇದ್ದಂತೆ ಗಟ್ಟಿಯಾಗಿ ಓದಿ ಹೇಳಿದಳು.

ಆಗಷ್ಟೇ ಓಟ ಮುಗಿಸಿ ಬಂದ ದುರ್ಗಾ ನೆಲಕ್ಕೆ ಬಿದ್ದು ಏದುಸಿರು ಬಿಡುತ್ತಿದ್ದಳು. ಕೃಷ್ಣವೇಣಿ ಬೀಳಲಿಲ್ಲ, ಕೂರಲೂ ಇಲ್ಲ. ಸೊಂಟದ ಮೇಲೆ ಕೈಯಿಟ್ಟು ಭುವನೇಶ್ವರಿಯ ಹತ್ತಿರ ಬಂದಳು.

"ಎಲ್ಲೋಯ್ತಕ್ಕ ಹನ್ನೊಂದು?"

ಭುವನೇಶ್ವರಿ ಬಿಡಿ ಬಿಡಿಯಾಗಿ ದಾಖಲಾದ ಸಮಯಗಳನ್ನು ಮೇಲಿನಿಂದ ಕೆಳಗೆ ನೋಡಿದಳು. ಉತ್ತರ ತಡವಾಗಲಿಲ್ಲ. "ಮೊದಲಿನ ಎರಡು ಓಟದಾಗ. ನಾ ಹಾಕಿದ ಮಿತಿ ಅತಿಯಾತು. ನೀ ನಿಧಾನ ಓಡಲಿಲ್ಲ, ನಾ ನಿನ್ನ ನಿಧಾನ ಓಡಿಸಿದೆ. ಕಡೀ ಓಟ ಎಲ್ಲಾಕ್ಕಿಂತ ಜೋರು ಬಂದೈತಿ. ಶಕ್ತಿ ಉಳೀತು."

"ಉಳ್ದೈತೆ" ಎಂದಳು ಕೃಷ್ಣವೇಣಿ. "ಈಗ್ಲೂ ಐತೆ. ಹಂಗಾದ್ರೆ ಸಿಕ್ತಲ್ಲ, ಎಲ್ಲೈತೆ ಅಂತ." ಸಿದ್ದರಾಮೇಶರ ಕಡೆ ತಿರುಗಿದಳು. "ನೀವು ಹೇಳಿದ್ದೇ ನಡೀಲಿ ಸಾರ್. ಒಳಗೆ ಬರ್ಲಿಲ್ಲ, ಜೋಡಿಗೆ ಬರೀರಿ. ಆದ್ರೆ ಅದರ ಮುಂದಿನ ರೇಸಿಗೆ ಇವತ್ತಿಂದ್ಲೇ ಒಂಟಿಗೆ ತಯಾರಿ ಮಾಡ್ತೀನಿ. ಬೇಡ ಅನ್ಬೇಡಿ."

"ಸರ, ನನಗ ಜೋಡಿ ಬ್ಯಾಡ್ರಿ" ಎಂದಳು ದುರ್ಗಾ, ಮಲಗಿದಲ್ಲಿಂದಲೇ. "ಇಕಿ ಸಂಗಾಟ ಓಡಿದ್ರ ನಾ ಸಾಯ್ತೀನಿ."

ಸಿದ್ದರಾಮೇಶ್ ಟವೆಲ್ಲನ್ನು ಬಾಯಿಂದ ತೆಗೆದು ಹೆಗಲಿಗೆ ಹಾಕಿಕೊಂಡರು. ಅವರು ನೋಡುತ್ತಿದ್ದದ್ದು ಗಡಿಯಾರವನ್ನಲ್ಲ. ಬೆಂಗಳೂರಿನಿಂದ ಒಂದು ಮಾತೂ ಆಡದೆ ಬಸ್ಸು ಹತ್ತಿದ್ದ ಹುಡುಗಿ ಇಲ್ಲಿ ಸೋತ ಮರುಕ್ಷಣವೇ ಸೋತದ್ದೆಲ್ಲಿ ಎಂದು ಕೇಳುತ್ತಿದ್ದಳು.

"ಹೆದರೋಳು ಅಂತ ಜೋಡಿ ಹಾಕಾಕ ಹೊಂಟಿದ್ದೆ ನಾ" ಎಂದರು ಅವರು ನಿಧಾನವಾಗಿ. "ಇಕಿ ಹೆದರೋಳಲ್ಲ. ಹನ್ನೊಂದು ಸೆಕೆಂಡ್ ನಿಮ್ಮಿಬ್ಬರ ನಡುವಿನ ಜಗಳ, ನೀವೇ ಹರಕೊಳ್ರಿ." ಜೇಬಿನಿಂದ ಫೋನ್ ತೆಗೆದು, ಕನ್ನಡಕ ಹಣೆಯಿಂದ ಮೂಗಿಗೆ ಇಳಿಸಿ, ಒಂದೊಂದೇ ಅಕ್ಷರ ಒತ್ತುತ್ತ ಹೆಸರು ತುಂಬಿದರು. ಜೊತೆಗಾರರ ಹೆಸರು ಕೇಳುವ ಜಾಗವನ್ನು ಖಾಲಿ ಬಿಟ್ಟು ಭುವನೇಶ್ವರಿಗೆ ತೋರಿಸಿದರು. "ಸರಿ ಐತೇನು ನೋಡು. ಈ ಸಲ ಮೊದಲನೇ ಓಟಕ್ಕ ಮಿತಿ ಹಾಕೂಮುಂದ ನನ್ನೂ ಕೇಳು."

"ಕೇಳ್ತೀನ್ರಿ."

ಮರುದಿನ ಸೈರನ್ನಿಗೆ ಮೊದಲು ಇಬ್ಬರೂ ಬೆಟ್ಟದ ಬುಡದ ರಸ್ತೆಯಲ್ಲಿದ್ದರು. ಭುವನೇಶ್ವರಿ ಆ ಬೆಳಿಗ್ಗೆ ಭಾರ ಎತ್ತಿಸಲಿಲ್ಲ, ಚೆಂಡು ಎಸೆಸಲಿಲ್ಲ. ಮೊದಲ ಕಿಲೋಮೀಟರ್ ಒಂದನ್ನೇ ಓಡಿಸಿದಳು. ಒಮ್ಮೆ ತುಸು ಬೇಗ, ಒಮ್ಮೆ ತುಸು ತಡೆದು, ಮತ್ತೊಮ್ಮೆ ಅವೆರಡರ ನಡುವೆ. ಪ್ರತಿ ಸಲ ವಾಪಸು ಬಂದಾಗಲೂ ಕೃಷ್ಣವೇಣಿ ಗಡಿಯಾರದ ಮೇಲೆ ಬಾಗಿ ನೋಡಿ, ಬೆವರು ಒರೆಸಿಕೊಂಡು, ತಿರುಗಿ ಗೆರೆಯ ಬಳಿ ಹೋಗಿ ನಿಲ್ಲುತ್ತಿದ್ದಳು.